ಕಲ್ನಾರಿನ ಇಪ್ಪತ್ತನಾಲ್ಕು ಪತ್ರಾ

ಯಾದಗಿರಿ
೧೧ ಫೆಬ್ರುವರಿ ೨೦೦೧, ಭಾನುವಾರ

ಪ್ರೀತಿಯ ಅಕ್ಕ ಕರೆಮ್ಮನಿಗೆ ತಂಗಿ ಸಾಯಬಮ್ಮ ಮಾಡುವ ನಮಸ್ಕಾರಗಳು.

ಇಂದು ಫೆಬ್ರುವರಿ ಹನ್ನೊಂದು. ಈ ಕಾಗದ ಬರೆಯುವ ಉದ್ದೇಶ ಒಂದೇ: ಶಹಾಪುರದ ನಮ್ಮ ಮನೆಯ ಛಾವಣಿಯಿಂದ ಇಳಿಸಿದ ಇಪ್ಪತ್ತನಾಲ್ಕು ಸಿಮೆಂಟ್ ಪತ್ರಾಗಳನ್ನು ನಾನು ಏನು ಮಾಡಿದೆ, ಇನ್ನು ಏನು ಮಾಡಲಿದ್ದೇನೆ ಎಂಬುದನ್ನು ಮೊದಲಿನಿಂದ ನಿನಗೆ ತಿಳಿಸುವುದು. ಸಂಕ್ರಮಣದ ಮರುದಿನ ನಿನ್ನ ಯಜಮಾನರು, ತಿಮ್ಮಣ್ಣ ಮಾವ, ಕಕ್ಕೇರಾದಿಂದ ಬಂದು ನಿನ್ನ ಮಾತು ಮುಟ್ಟಿಸಿದರು. "ನಿಮ್ಮಕ್ಕ ಹೊಸ ಖೋಲಿ ಕಟ್ಟಿಸ್ಯಾಳ, ಅದಕ್ಕ ಆ ಪತ್ರಾನ ಬೇಕಂತಾಳ. ಕೊಡಲಿಲ್ಲಂದ್ರ ಉಗಾದಿಗೆ ನಿಮ್ಮ ಯಾದಗಿರಿ ಮನಿಗೆ ಕಾಲಿಡಂಗಿಲ್ಲ ಅಂತ ಹೇಳಿ ಕಳಿಸ್ಯಾಳ" ಎಂದರು. ಅದಕ್ಕೆ ನಾಲ್ಕು ವಾರ ಉತ್ತರ ಬರೆಯಲಿಲ್ಲ, ಕ್ಷಮಿಸು. ಅರ್ಧ ತಿಳಿದ ಪ್ರಶ್ನೆಗೆ ಉತ್ತರ ಬರೆಯುವ ರೂಢಿ ನನಗೆ ಮೊದಲಿನಿಂದ ಇಲ್ಲ. ಈಗ ಪೂರ್ತಿ ತಿಳಿದಿದೆ, ಬರೆಯುತ್ತಿದ್ದೇನೆ. ಇದನ್ನು 'ಪತ್ರ' ಎನ್ನದೆ 'ಕಾಗದ' ಎನ್ನುತ್ತಿರುವುದಕ್ಕೂ ಒಂದು ಕಾರಣವಿದೆ. ಅದು ನನ್ನ ತಪ್ಪಿನ ಕಥೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಕ್ಷೇಮಸಮಾಚಾರ. ಕಾಲೇಜಿನ ಹಿಂದಿನ ಈ ಬಾಡಿಗೆ ಮನೆ ಅವ್ವನಿಗೆ ಒಗ್ಗಿದೆ. ಅಡುಗೆಮನೆಯ ಹಲಗೆಗಳು ಅವಳ ಕೈಗೆ ನಿಲುಕುವಷ್ಟು ಎತ್ತರದಲ್ಲಿವೆ ಎಂಬುದೇ ಅವಳಿಗೆ ದೊಡ್ಡ ಸುಖ. "ಹದಿನಾರು ವರ್ಷ ಡಬ್ಬಿ ಮ್ಯಾಲ ನಿಂತು ಉಪ್ಪು ತಗದೀನಿ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅಪ್ಪ ನಿವೃತ್ತರಾಗಿ ಎಂಟು ತಿಂಗಳಾದರೂ ಕಾಲುವೆಯ ಗೇಟು ಅವರ ಮೈಯಿಂದ ಇಳಿದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು, "ಇವತ್ತು ನೀರು ಎಷ್ಟು ಬಿಟ್ಟಾರ?" ಎಂದು ನನ್ನನ್ನೇ ಕೇಳುತ್ತಾರೆ. ಈಗ ನಮ್ಮ ಓಣಿಯ ನಲ್ಲಿಯ ವಾಲ್ವನ್ನು ತಿರುಗಿಸುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಯಾರೂ ಕೇಳಿಕೊಂಡಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಯಾವ ಮನೆಗೆ ಎಷ್ಟು ಕೊಡ ಎಂಬುದರಲ್ಲಿ ಅಪ್ಪನ ಮಾತೇ ಕಡೆಯದು. ನನಗೆ ಕಾಲೇಜಿನಲ್ಲಿ ಎರಡನೆಯ ವರ್ಷದ ತರಗತಿಗಳನ್ನೂ ಕೊಟ್ಟಿದ್ದಾರೆ. ವಿಶ್ವವಿದ್ಯಾಲಯಕ್ಕೆ ಮೊದಲಿಗಳಾದವಳು ಪಾಠವನ್ನೂ ಚೆನ್ನಾಗಿ ಮಾಡುತ್ತಾಳೆಯೇ ಎಂಬ ಸಂಶಯ ಪ್ರಾಂಶುಪಾಲರಿಗಿತ್ತು. ಅರ್ಧ ವಾರ್ಷಿಕ ಪರೀಕ್ಷೆಯ ಫಲಿತಾಂಶದ ನಂತರ ಅದು ಉಳಿದಿಲ್ಲ. ಒಟ್ಟಿನಲ್ಲಿ ಸುಖವಾಗಿದ್ದೇವೆ.

ಇನ್ನು ಶಹಾಪುರದ ಮನೆ. ಅದನ್ನು ಮಾರುವುದೆಂದು ದಸರೆಯಲ್ಲೇ ನಿಶ್ಚಯವಾಗಿತ್ತು. ನಿನಗೂ ಗೊತ್ತು, ನೀನೂ ಒಪ್ಪಿದ್ದೆ. ಮಾರುವ ಮೊದಲು ದುರಸ್ತಿ ಮಾಡಿಸಬೇಕಿತ್ತು. ಗೋಡೆಗೆ ಗಿಲಾವು, ನೆಲಕ್ಕೆ ಹೊಸ ಫರಸಿ, ಬಾಗಿಲಿಗೆ ಬಣ್ಣ. ಇಷ್ಟು ಮುಗಿದ ಮೇಲೆ ಮೇಲಿನ ಪತ್ರಾಗಳು ಮಾತ್ರ ಕಪ್ಪಾಗಿ, ಅಂಚು ಉದುರುತ್ತ ಉಳಿದವು. ಕಾಲುವೆಗೆ ನೀರು ಬಂದ ಹೊಸದರಲ್ಲಿ ಅಪ್ಪ ಆ ಮನೆ ಕಟ್ಟಿಸಿದಾಗ ಇಡೀ ಓಣಿಯಲ್ಲಿ ಸಿಮೆಂಟ್ ಪತ್ರಾ ನಮ್ಮದೊಂದೇ ಮನೆಗೆ ಇತ್ತಲ್ಲವೇ? ಕಾಲುವೆ ಕ್ಯಾಂಪಿನ ಸಾಹೇಬರ ಕ್ವಾರ್ಟರ್ಸಿಗೆ ಹೊದಿಸಿದಂಥದ್ದೇ ತಮಗೂ ಬೇಕೆಂದು ಅಪ್ಪ ಹಟ ಹಿಡಿದು ತರಿಸಿದ್ದು. ಆದ್ದರಿಂದಲೇ ನಾನು ಅವನ್ನು ತೆಗೆಸಬೇಕೆಂದಾಗ ಅವರಿಗೆ ನೋವಾಯಿತು.

"ಮ್ಯಾಲೊಂದು ಬಣ್ಣ ಹೊಡಸಿ ಮಾರಿಬಿಡು. ಅರ್ಧ ಶಹಾಪುರ ಅದರ ಕೆಳಗ ಮಲಗತದ" ಎಂದರು.

ಆಗ ನಾನು ಅಪ್ಪನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಆ ಪತ್ರಾ ಬರಿಯ ಸಿಮೆಂಟಿನದಲ್ಲ. ಸಿಮೆಂಟು ಬಿರಿಯದಿರಲೆಂದು ಅದರೊಳಗೆ ಕಲ್ನಾರು ಬೆರೆಸಿರುತ್ತಾರೆ. ಹೆಸರೇ ಹೇಳುವಂತೆ ಅದು ಕಲ್ಲಿನೊಳಗೆ ಹುಟ್ಟುವ ನಾರು, ಕೂದಲಿಗಿಂತ ನೂರು ಪಾಲು ಸಣ್ಣದು. ಪತ್ರಾ ಗಟ್ಟಿಯಾಗಿ ತನ್ನ ಪಾಡಿಗೆ ಇದ್ದರೆ ಹೆಚ್ಚು ಭಯವಿಲ್ಲ. ಅದನ್ನು ಕೊರೆದಾಗ, ಒಡೆದಾಗ, ಉಜ್ಜಿದಾಗ, ಅಥವಾ ಹಳತಾಗಿ ಅದೇ ಉದುರತೊಡಗಿದಾಗ ನಾರು ಗಾಳಿಗೆ ಬರುತ್ತದೆ. ಎದೆಯೊಳಗೆ ಹೋದದ್ದು ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಕೆಲವರಿಗೆ ಏನೂ ಆಗುವುದಿಲ್ಲ; ಕೆಲವರಿಗೆ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಉಸಿರಿನ ರೋಗವೋ ಅದಕ್ಕಿಂತ ಕೆಟ್ಟದ್ದೋ ಕಾಣಿಸಿಕೊಳ್ಳುತ್ತದೆ. ಇದು ನನ್ನ ಊಹೆಯಲ್ಲ, ಓದಿ ಖಚಿತಪಡಿಸಿಕೊಂಡದ್ದು. ಬಣ್ಣ ಹೊಡೆಸಿ ಇನ್ನೊಬ್ಬರ ಕೈಗೆ ದಾಟಿಸಿದರೆ ಆ ಮನೆಯ ದುಡ್ಡಿನಲ್ಲಿ ನನಗೆ ಊಟ ಇಳಿಯುವುದಿಲ್ಲವೆಂದೆ. ಅಪ್ಪ, "ನಿನ್ನ ಓದು ನನಗ ತುಟ್ಟಿ ಬಿತ್ತು" ಎಂದರು. ನಗುತ್ತಲೇ ಅಂದರು. ಮರುದಿನ ತಾವೇ ಹೋಗಿ ಮನ್ಸೂರಅಲಿ ಮಿಸ್ತ್ರಿಯನ್ನು ಕರೆತಂದರು.

ಮನ್ಸೂರಅಲಿ ನಿನಗೆ ನೆನಪಿರಬೇಕು, ಕ್ಯಾಂಪಿನ ಕ್ವಾರ್ಟರ್ಸುಗಳಿಗೆಲ್ಲ ಪತ್ರಾ ಹೊದಿಸಿದವರು. ನಮ್ಮ ಮನೆಗೂ ಅವರೇ ಹೊದಿಸಿದ್ದು. ಅಂಗಳದಲ್ಲಿ ನಿಂತು ಮೇಲೆ ನೋಡಿ, "ಎರಡು ತಾಸಿನ ಕೆಲಸ ಬಾಯಾರ. ಮ್ಯಾಲ ನಿಂತು ಸುತಗಿಲೆ ನಾಲ್ಕು ಕೊಟ್ರ ತಾವ ಕೆಳಗ ಬೀಳ್ತಾವ" ಎಂದರು. ಹಾಗೆ ಮಾಡುವಂತಿಲ್ಲ, ಒಂದೂ ಒಡೆಯದೆ ಇಳಿಯಬೇಕು ಎಂದೆ. ಮೊದಲು ಎಲ್ಲವನ್ನೂ ಸಾಬೂನು ನೀರಿನಲ್ಲಿ ನೆನೆಸುವುದು, ನಟ್ಟು ಒಂದೊಂದಾಗಿ ಬಿಚ್ಚುವುದು, ಹಗ್ಗ ಕಟ್ಟಿ ಇಳಿಸುವುದು, ಕಸಬರಿಗೆ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಆ ಬಟ್ಟೆಯನ್ನೂ ಪತ್ರಾಗಳ ಜೊತೆಗೇ ಕಟ್ಟಿಡುವುದು. ನೆನೆಸಲು ಹತ್ತಿಗೆ ಔಷಧ ಹೊಡೆಯುವ ಪಂಪನ್ನೇ ಬಳಸಿದೆವು. ಔಷಧದ ವಾಸನೆಯೂ ತಾಗದ ಹೊಸದನ್ನು ಕೊಂಡಿದ್ದೆ. ಬಾಯಿಪಟ್ಟಿಗಳನ್ನು ಹೈದರಾಬಾದಿನಿಂದ ತರಿಸಿದ್ದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಬಟ್ಟೆಯ ಪಟ್ಟಿ ಈ ನಾರನ್ನು ತಡೆಯುವುದಿಲ್ಲ.

ಬೆನ್ನಿಗೆ ಪಂಪು ಹೊತ್ತು ಏಣಿ ಹತ್ತಿದ ಮನ್ಸೂರಅಲಿ ಕೆಳಗೆ ನಿಂತ ಓಣಿಯವರಿಗೆ ಕೇಳಿಸುವಂತೆ ಅಂದರು: "ಬಾಯಾರು ಪತ್ರಾಕ್ಕ ಜಳಕ ಮಾಡಸಾಕತ್ತಾರ. ಹಿಂದಿಂದ ಅರಿಷಿಣಾನೂ ಹಚ್ಚೋಣೇನ್ರಿ?"

"ಹಚ್ಚರಿ, ಆದರ ಬಾಯಿಪಟ್ಟಿ ಕಟಗೊಂಡು ಹಚ್ಚರಿ" ಎಂದೆ.

"ಅದನ್ನ ಕಟಗೊಂಡ್ರ ಬೀಡಿ ಎಲ್ಲಿಂದ ಸೇದಲಿ?"

ಮೊದಲ ದಿನ ಅವರ ಪಟ್ಟಿ ಕೊರಳಲ್ಲೇ ಇತ್ತು. ನಾನು ಐದು ಸಲ ಹೇಳಿದೆ, ಅವರು ಐದು ಸಲ ಏರಿಸಿ ಐದು ಸಲ ಇಳಿಸಿದರು. ಸಂಜೆ ಚಹಾ ಕುಡಿಯುವಾಗ ಇದರಿಂದ ಏನಾಗುತ್ತದೆಂದು ಕೇಳಿದರು. ಅಪ್ಪನಿಗೆ ಹೇಳಿದಷ್ಟನ್ನೇ ಹೇಳಿದೆ. ಅವರು ಬಟ್ಟಲು ಕೆಳಗಿಟ್ಟರು. "ಕ್ಯಾಂಪಿನ್ಯಾಗ ನನ್ನ ಜೋಡಿ ಮೂರು ಮಂದಿ ಕೊರಿಯವರಿದ್ರು. ಮೂರೂ ಮಂದಿ ದಮ್ಮಿನಿಂದ ಹ್ವಾದ್ರು. ಬೀಡಿ ಅಂದ್ರು ದವಾಖಾನ್ಯಾಗ. ಅದ್ರಾಗ ಒಬ್ಬಂವ ಬೀಡಿ ಮುಟ್ಟಿದಂವನ ಅಲ್ಲ" ಎಂದರು. ಮರುದಿನ ನಾನು ಹೋಗುವಷ್ಟರಲ್ಲಿ ಪಟ್ಟಿ ಕಟ್ಟಿಕೊಂಡು ಮೇಲೇರಿದ್ದರು; ಜೊತೆಗೆ ಬಂದ ಇಬ್ಬರು ಆಳುಗಳಿಗೂ ಕಟ್ಟಿಸಿದ್ದರು. ಎರಡು ತಾಸಿನ ಕೆಲಸಕ್ಕೆ ಮೂರು ದಿನ ಹಿಡಿಯಿತು. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರು ಇಡಿಯಾಗಿ ಇಳಿದವು. ಒಂದರ ಮೂಲೆ ಮುರಿಯಿತು, ಅದನ್ನು ಒದ್ದೆಯಾಗಿಯೇ ಸುತ್ತಿಟ್ಟೆವು. ಈಗ ಎಲ್ಲವೂ ದಪ್ಪ ತಾಡಪತ್ರಿಯೊಳಗೆ ಹಿತ್ತಲಲ್ಲಿವೆ. ಮನೆಯ ಮೇಲೆ ಹೊಸ ತಗಡು ಬಂದಿದೆ. ನೋಡಿದರೆ ನಿನಗೆ ಇಷ್ಟವಾಗುತ್ತದೆ. ನಡುಮನೆಗೆ ಒಂದು ಬೆಳಕಿನ ಕಿಂಡಿಯನ್ನೂ ಬಿಡಿಸಿದ್ದೇನೆ.

ಇಳಿಸಿದ್ದಾಯಿತು, ಇವನ್ನು ಎಲ್ಲಿ ಹಾಕುವುದು? ಒಂದು ಕಚೇರಿಗೆ ಹೋಗಿ, ಹೂಳಲು ಸರ್ಕಾರಿ ಜಾಗ ಸಿಗುವುದೇ ಎಂದು ಕೇಳಿದೆ. ಅಲ್ಲಿಯ ಗುಮಾಸ್ತರು ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟು, ಪೆನ್ನು ತೆಗೆದು, "ಯಾರು ತೀರಕೊಂಡಾರ್ರಿ?" ಎಂದರು. "ಪತ್ರಾ" ಎಂದೆ. ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿ, "ಅದಕ್ಕ ನಮ್ಮಲ್ಲಿ ಫಾರಂ ಇಲ್ರಿ" ಎಂದರು. ಹೊರಗೆ ಬಂದ ಮೇಲೆ ನನಗೂ ನಗು ಬಂತು. ಇಂಥದಕ್ಕೆ ನಮ್ಮ ಜಿಲ್ಲೆಯಲ್ಲಿ ಜಾಗವೇ ಇಲ್ಲವೆಂದು ಆಮೇಲೆ ತಿಳಿಯಿತು. ನಮ್ಮದೇ ಹಿತ್ತಲಲ್ಲಿ ಆಳವಾಗಿ ಹೂತು, ಮನೆ ಕೊಳ್ಳುವವರಿಗೆ ಆ ಜಾಗ ತೋರಿಸಿ ಖರೀದಿ ಕಾಗದದಲ್ಲಿ ನಮೂದಿಸುವುದೊಂದೇ ಉಳಿದ ದಾರಿ ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ನನ್ನ ತಪ್ಪು ಬಂಡಿ ಕಟ್ಟಿಕೊಂಡು ಅಂಗಳಕ್ಕೇ ಬಂತು.

ಮನೆಯನ್ನು ಕೊಳ್ಳುತ್ತಿರುವವರು ಬೀರಣ್ಣ ಮತ್ತು ಅವರ ಹೆಂಡತಿ ಮಲ್ಲಾಬಾಯಿ. ಏಳು ಎಮ್ಮೆ ಕಟ್ಟಿ ಊರಿಗೆ ಹಾಲು ಹಾಕುವವರು. ಜನವರಿಯ ಮೊದಲ ವಾರ ಕರಾರು ಪತ್ರವನ್ನು ನಾನೇ ಬರೆದೆ. ದಸ್ತಾವೇಜು ಬರೆಯುವ ಹಿರಿಯರ ಕನ್ನಡ ನನಗೆ ಹಿಡಿಸಲಿಲ್ಲ. ಮನೆಯ ಮೂಲ ದಾಖಲೆಗಳನ್ನು ಒಪ್ಪಿಸುವ ಕಲಮಿನಲ್ಲಿ, 'ಮನೆಗೆ ಸಂಬಂಧಿಸಿದ ಹಳೆಯ ಪತ್ರಗಳೆಲ್ಲವೂ ಖರೀದಿದಾರರಿಗೆ ಸೇರತಕ್ಕದ್ದು' ಎಂದು ಬರೆದೆ. ಆ ಹಿರಿಯರು ಕನ್ನಡಕ ಏರಿಸಿ, "ಕಾಗದ ಅಂತ ಬರೀರಿ ಬಾಯಾರ, ಮಂದಿಗೆ ತಿಳೀತದ" ಎಂದು ಹೇಳಿದ್ದರು. 'ಪತ್ರ'ವೇ ಶುದ್ಧವಾದ ಪದವೆಂದು ಅವರಿಗೆ ತಿಳಿಸಿಕೊಟ್ಟು ಹಾಗೆಯೇ ಬಿಟ್ಟೆ. ಪತ್ರಾ ಇಳಿಸಿದ ನಾಲ್ಕನೆಯ ದಿನ ಬೀರಣ್ಣ ಬಂಡಿ ತಂದು, "ಪತ್ರಾ ಒಯ್ಯಾಕ ಬಂದೀನ್ರಿ" ಎಂದರು. ಆ ಪತ್ರಾ ಕೊಡುವಂಥದ್ದಲ್ಲವೆಂದೆ. ಅವರು ರುಮಾಲಿನ ಮಡಿಕೆಯಿಂದ ಕರಾರು ತೆಗೆದು ನನ್ನ ಕೈಗೇ ಕೊಟ್ಟರು.

"ನೀವ ಬರದೀರಿ. ಸಾಲಿ ಮಾಸ್ತರ ಕಡಿಂದ ಎರಡು ಸಲ ಓದಿಸೀನಿ. ಹಳೀ ಪತ್ರಾ ಎಲ್ಲಾ ನಮ್ವು ಅಂತ ಅದ. ಕೊಟ್ಟಿಗಿಗೆ ಲೆಕ್ಕ ಹಾಕಿ ಕಟಿಗಿ ನಿಲ್ಲಿಸಿಬಿಟ್ಟೀನಿ."

ಅಕ್ಕ, ಆ ಸಾಲನ್ನು ಮತ್ತೆ ಓದಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ದಾಖಲೆ ಎಂಬ ಅರ್ಥದಲ್ಲಿ 'ಪತ್ರ' ಎಂದು ಬರೆದದ್ದನ್ನು ಇಡೀ ಶಹಾಪುರ ತಾಲೂಕು ಪತ್ರಾ ಎಂದೇ ಓದುತ್ತದೆ. ಚಿಕ್ಕಂದಿನಿಂದ ಆ ಎರಡು ಮಾತುಗಳನ್ನೂ ಆಡಿದ ನನಗೆ ಇದು ಹೊಳೆಯಲಿಲ್ಲ. ಅದನ್ನು ಅವರಿಗೆ ಹೇಳಿಕೊಳ್ಳಬೇಕಾಯಿತು, ಹೇಳಿಕೊಂಡೆ. ಬೀರಣ್ಣ ಸಿಟ್ಟಾಗಲಿಲ್ಲ. ಹಾಗಿದ್ದರೆ ಪತ್ರಾ ಯಾಕೆ ಕೊಡುವುದಿಲ್ಲ, ಇನ್ನೊಬ್ಬರಿಗೆ ಮಾರಿದ್ದೀರಾ ಎಂದು ಮಾತ್ರ ಕೇಳಿದರು. ಕಲ್ನಾರಿನ ಸಂಗತಿಯನ್ನು ಮೂರನೆಯ ಸಲ ಹೇಳಿದೆ.

"ಎಷ್ಟು ವರ್ಷಕ್ಕ ಬರತದ್ರಿ ಈ ರೋಗ?"

"ಇಪ್ಪತ್ತು, ಮೂವತ್ತು ವರ್ಷಕ್ಕ."

ಅವರು ಬಂಡಿಯ ಮೂಕಿಗೆ ಒರಗಿಕೊಂಡು ಯೋಚಿಸಿದರು. "ಅಷ್ಟು ವರ್ಷ ಎಮ್ಮಿ ಬದಕಂಗಿಲ್ಲ ಬಿಡ್ರಿ" ಎಂದರು.

ಮೌಖಿಕ ಪರೀಕ್ಷೆಯಲ್ಲಿ ಮೂವರು ಪ್ರಾಧ್ಯಾಪಕರ ಎದುರು ಒಂದು ಸಲವೂ ತಡವರಿಸದವಳು ಎಮ್ಮೆಯ ಆಯುಷ್ಯದ ಮುಂದೆ ಬಾಯಿ ಮುಚ್ಚಿ ನಿಂತೆ. ಹೊಸ ತಗಡು ಹೊದಿಸುತ್ತಿದ್ದ ಮನ್ಸೂರಅಲಿ ಏಣಿಯ ಮೇಲೆ ನಗುತ್ತಿದ್ದರು. ಆಗ ಬಂಡಿಯಲ್ಲಿ ಕುಳಿತಿದ್ದ ಮಲ್ಲಾಬಾಯಿ ಎಲೆಅಡಿಕೆ ಉಗುಳಿ ಕೆಳಗಿಳಿದರು.

"ಎಮ್ಮಿ ಬದಕಂಗಿಲ್ಲ, ಖರೆ. ದಿನಾ ಎರಡು ಹೊತ್ತು ಅದರ ಕೆಳಗ ಕುಂತು ಹಿಂಡಾಕಿ ಯಾರು? ಸೆಗಣಿ ಬಾಚಾಕಿ ಯಾರು? ಎಮ್ಮಿ ವರ್ಷ ಎಣಿಸಿದಿ, ನನ್ನ ವರ್ಷ ಎಣಿಸಿದೇನು?"

"ನಿನಗೇನಾಗತದ, ಗುಂಡುಕಲ್ಲು ಇದ್ದಂಗ ಇದ್ದಿ" ಎಂದರು ಬೀರಣ್ಣ.

"ಕಲ್ಲಿನ್ಯಾಗೂ ನಾರು ಇರತದಂತ, ಬಾಯಿ ಹೇಳಲಿಲ್ಲೇನು? ಬಂಡಿ ತಿರುವು."

ಅಲ್ಲಿಗೆ ಮುಗಿಯಿತು. ಬಂಡಿ ತಿರುಗಿತು. ಮಲ್ಲಾಬಾಯಿ ಮಾತ್ರ ಹೋಗದೆ, "ಎಲ್ಲಿ ಹೂಳ್ತೀರಿ, ತೋರಸ್ರಿ" ಎಂದು ನನ್ನನ್ನು ಹಿತ್ತಲಿಗೆ ಕರೆದೊಯ್ದರು. ನಾನು ಗುರುತು ಮಾಡಿದ ಜಾಗ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಬಚ್ಚಲ ನೀರು ಹರಿದು ಮಣ್ಣು ಕೊಚ್ಚುತ್ತದೆಂದರು. ಮೆಟ್ಟಿ ಮೆಟ್ಟಿ ನೋಡಿ ನೈಋತ್ಯ ಮೂಲೆ ಆರಿಸಿದರು. ಅವರು ಹೇಳಿದ್ದೇ ಸರಿ: ಅಲ್ಲಿ ಮೂರು ಅಡಿ ಕಪ್ಪುಮಣ್ಣಿನ ಕೆಳಗೆ ಗಟ್ಟಿ ಮೊರಂ ಸಿಕ್ಕಿತು. ಏಳು ಅಡಿ ತಗ್ಗು ತೋಡಿಸುತ್ತಿದ್ದೇನೆ. ಖರೀದಿ ಕಾಗದದಲ್ಲಿ ಆ ಮೂಲೆಯ ಅಳತೆ ಸಹಿತ, 'ಇಲ್ಲಿ ಕಲ್ನಾರಿನ ಸಿಮೆಂಟ್ ಶೀಟುಗಳನ್ನು ಹೂಳಲಾಗಿದೆ, ಅಗೆಯಬಾರದು' ಎಂಬ ಸಾಲು ಬರುತ್ತದೆ. ಶೀಟು ಎಂದೇ ಬರೆಸಿದ್ದೇನೆ. ಆ ಹಿರಿಯರು ಈ ಸಲ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು ಅಷ್ಟೇ. ನಾಳೆ ಬಿಟ್ಟು ಮುಂದಿನ ಸೋಮವಾರ, ಹತ್ತೊಂಬತ್ತರಂದು, ಪತ್ರಾಗಳು ಮಣ್ಣಿಗೆ ಹೋಗುತ್ತವೆ. ಅದರ ಮೇಲೆ ಮಲ್ಲಾಬಾಯಿಯವರು ಫರಸಿ ಹಾಸಿ ಹಾಲಿನ ಕೊಡಗಳನ್ನು ಬೋರಲು ಹಾಕುವ ಕಟ್ಟೆ ಮಾಡಿಸುತ್ತಾರಂತೆ.

ಇಷ್ಟೂ ನಡೆದ ಸಂಗತಿ. ನನ್ನ ಮನಸ್ಸಿಗೆ ಸಮಾಧಾನವಾಗಿದೆ. ಓದಿದ್ದು ಒಂದು ಮನೆಯ ಮಟ್ಟಿಗಾದರೂ ಕೆಲಸಕ್ಕೆ ಬಂತು. ಓದದಿದ್ದವರಿಂದ ಕಲಿಯಬೇಕಾದದ್ದೂ ಇತ್ತು, ಕಲಿತೆ.

ನಿನ್ನ ಹೊಸ ಖೋಲಿಗಾಗಿ ಅಪ್ಪ ಹದಿನಾಲ್ಕು ಹೊಸ ತಗಡು ತೆಗೆದಿರಿಸಿದ್ದಾರೆ. ಇದು ಅವರ ಇಚ್ಛೆ, ನನ್ನ ಉಪಕಾರವಲ್ಲ. ಮನೆ ಬಿಚ್ಚಿದಾಗ ಮೇಲಿನ ಹೊದಿಕೆಯಲ್ಲಿ ಕೊಟ್ಟ ಮಗಳಿಗೆ ಪಾಲು ಹೋಗಬೇಕು ಎಂಬ ಅವ್ವನ ಮಾತು ಇದರಿಂದ ಉಳಿಯಿತೆಂದು ಅವರು ತಿಳಿದಿದ್ದಾರೆ. ಮನ್ಸೂರಅಲಿ ತಾವೇ ಕಕ್ಕೇರಾಕ್ಕೆ ಬಂದು ಹೊದಿಸಿಕೊಡುತ್ತಾರೆ. ಬೇಸಿಗೆಯ ಕಾವು ಇಳಿಯದಂತೆ ಕೆಳಗೆ ಬಿದಿರಿನ ತಟ್ಟಿ ಕಟ್ಟಬೇಕೆಂದು ಹೇಳಿದ್ದೇನೆ. ಅವ್ವ ನಿನಗಾಗಿ ಶೇಂಗಾದ ಹೋಳಿಗೆ ಮಾಡಿ ಕಳಿಸುತ್ತೇನೆಂದು ಕುಳಿತಿದ್ದಾಳೆ. ಈ ಕಾಗದ ಮುಗಿಯುವುದನ್ನೇ ಕಾಯುತ್ತ ಎರಡು ಸಲ ಬಾಗಿಲಿಗೆ ಬಂದು, "ಅಕ್ಕಗ ಬರಿಯೂದಕ್ಕ ಇಷ್ಟು ಹೊತ್ತೇನು, ಪರೀಕ್ಷಾ ಪೇಪರ್ ಏನದು?" ಎಂದಳು.

ಮಕ್ಕಳಿಬ್ಬರಿಗೂ ಈ ಚಿಕ್ಕಮ್ಮನ ಆಶೀರ್ವಾದಗಳು. ಅವರು ದೊಡ್ಡ ಓದು ಓದಲಿ, ತುಂಬು ಉಸಿರಿನಿಂದ ನೂರು ವರ್ಷ ಬಾಳಲಿ. ತಿಮ್ಮಣ್ಣ ಮಾವನವರಿಗೆ ನಮಸ್ಕಾರ. ಹಿರಿಯಳಾದ ನೀನು ನನ್ನನ್ನು ಹರಸು.

ನಿನ್ನ ತಂಗಿ,
ಸಾಯಬಮ್ಮ ತಾಯಪ್ಪ

ತಾ.ಕ.: ಮಾವ ನಿನ್ನ ಮಾತಿನ ಅರ್ಧವನ್ನು ಅಪ್ಪ ಅವ್ವನ ಎದುರು ಹೇಳಿದರು. ಉಳಿದರ್ಧವನ್ನು ಬಸ್ ಸ್ಟ್ಯಾಂಡಿನಲ್ಲಿ ನನಗೊಬ್ಬಳಿಗೇ ಹೇಳಿದರು. "ಏಳು ವರ್ಷ ಉಗಾದಿ ಮುಂದ ಪತ್ರಾ ಹತ್ತಿ ಪಾಚಿ ಉಜ್ಜಿ ಸುಣ್ಣ ಹೊಡದಾಕಿ ನಾನು. ಆಕಿ ಪರೀಕ್ಷಾ ಅಂತ ಕೆಳಗ ಪುಸ್ತಕ ಹಿಡಕೊಂಡು ಕುಂತಿದ್ಲು. ಆ ಪತ್ರಾ ನನ್ವು" ಅಂದೆಯಂತೆ. ಸತ್ಯ. ನಿನ್ನನ್ನು ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದಾಗ ತರಗತಿಗೆ ನೀನೇ ಮೊದಲಿಗಳಾಗಿದ್ದೆ ಎಂಬುದೂ ಸತ್ಯ. ಅದನ್ನು ನಾನು ಯಾರಿಗೂ ಹೇಳಿಲ್ಲ. ಒಣ ಪತ್ರಾದ ಮೇಲೆ ತಂತಿಯ ಬ್ರಷ್ಷು ತಿಕ್ಕಿ ತಿಕ್ಕಿ, ರೆಪ್ಪೆ, ಕೂದಲು ಎಲ್ಲ ಬೆಳ್ಳಗಾಗಿ ನೀನು ಏಣಿ ಇಳಿಯುತ್ತಿದ್ದಾಗ, "ಅಜ್ಜಿ ಬಂದ್ಲು, ಅಜ್ಜಿ ಬಂದ್ಲು" ಎಂದು ಚಪ್ಪಾಳೆ ತಟ್ಟುತ್ತಿದ್ದವಳು ನಾನು. ಸುಣ್ಣವೆಂದುಕೊಂಡಿದ್ದೆವು. ಈ ತಿಂಗಳ ಇಪ್ಪತ್ತನಾಲ್ಕನೆಯ ತಾರೀಖಿಗೆ ಗುಲ್ಬರ್ಗಾದ ಎದೆರೋಗದ ಡಾಕ್ಟರ ಬಳಿ ನಿನ್ನ ಹೆಸರು ಬರೆಸಿದ್ದೇನೆ. ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳಕ್ಕೆ ನಿನಗಾಗಿ ನಿಂತಿರುತ್ತೇನೆ. ನೀನು ಉಗಾದಿಗೆ ಬಂದರೂ ಬಾರದಿದ್ದರೂ ಅಂದು ಬರಲೇಬೇಕು. ಪತ್ರಾ ಒಯ್ಯಲು ಮುಂದಿನ ಭಾನುವಾರ ಮಾವ ಟ್ರ್ಯಾಕ್ಟರ್ ತರುವುದು ಬೇಡ. ಪತ್ರಾ ಕೊಡುವುದಿಲ್ಲ.